ಹಳೆಯ ರೈಫಲಿಗೆ ಹೊಸ ತೋಟೆ

ಕೇಳುಗರಿಗೆಲ್ಲ ನಮಸ್ಕಾರ. ಹಳೆಯ ಬೇಟೆ ರೈಫಲುಗಳ ತೋಟೆಗೆ ಕೈಯಲ್ಲೇ ಮದ್ದು ತುಂಬಿಸಿ ಅದನ್ನು ಸುಧಾರಿಸುವ ವಿದ್ಯೆಯ ಬಗ್ಗೆ ಮಾತಾಡಿ ಅಂತ ಬಾನುಲಿಯವರು ಹೇಳಿದ್ದಾರೆ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಕೋವಿಗಳ ರಿಪೇರಿ ನೋಡಿಕೊಳ್ಳುವವನಾಗಿದ್ದೆ. ಈಗಲೂ ಮುಳ್ಳೇರಿಯ, ಅಡೂರು, ಪೆರ್ಲ ಕಡೆಯಿಂದ ಅಜ್ಜನ ಕಾಲದ ಕೋವಿಯ ಬಗ್ಗೆ ವಿಚಾರಿಸಲಿಕ್ಕೆ ಜನ ಬರುತ್ತಾರೆ. ಬಂದವರೆಲ್ಲರದ್ದೂ ಒಂದೇ ಪ್ರಶ್ನೆ: "ಮದ್ದು ಸ್ವಲ್ಪ ಜಾಸ್ತಿ ತುಂಬಿಸಿದರೆ ಹಂದಿ ನಿಂತಲ್ಲೇ ಬೀಳ್ತದಲ್ಲಾ?"

ಇಲ್ಲ ಮಾರಾಯ್ರೇ. ಹಳೆಯ ರೈಫಲಿಗೆ ಬೇಕಾದದ್ದು ಜಾಸ್ತಿ ಮದ್ದಲ್ಲ. ಪ್ರತಿ ತೋಟೆಯೂ ಒಂದೇ ಸಮ ಇರಬೇಕು, ಅಷ್ಟೇ. ಇವತ್ತು ಇದೊಂದನ್ನೇ ಹತ್ತು ಸಲ ಹೇಳುತ್ತೇನೆ, ಬೇಸರ ಮಾಡಬೇಡಿ.

ಮೊದಲೇ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಮ್ಮಲ್ಲಿ ಲೈಸನ್ಸ್ ಇಲ್ಲದೆ ತೋಟೆ ತಯಾರಿಸುವ ಹಾಗಿಲ್ಲ. ಕೋವಿ ಇಟ್ಟುಕೊಳ್ಳುವ ಲೈಸನ್ಸ್ ಇದಕ್ಕೆ ಸಾಲದು. ಅಮೆರಿಕದಲ್ಲಿ ಜನ ಮನೆಯ ಮೇಜಿನ ಮೇಲೆ ಮಾಡುತ್ತಾರೆ, ಅದು ಅಲ್ಲಿಯ ಕಾನೂನು. ಇಲ್ಲಿ ತಿಳಿದುಕೊಳ್ಳಿ, ಮಾಡಲಿಕ್ಕೆ ಹೋಗಬೇಡಿ.

ಬದಿಯಡ್ಕ ಕಡೆಯ ತೋಟದ ಯಜಮಾನರೊಬ್ಬರು ಒಂದು ಮಳೆಗಾಲ ಜೋಡು ನಳಿಗೆಯ ರೈಫಲ್ ತಂದರು. ಇಂಗ್ಲೆಂಡಿನಲ್ಲಿ ಮಾಡಿದ್ದು, ಎರಡು ನಳಿಗೆ ಅಕ್ಕಪಕ್ಕ. ಜೊತೆಗೆ ಅವರ ತಂಗಿಯ ಮಗ, ಅಮೆರಿಕದಿಂದ ರಜೆಗೆ ಬಂದ ಹುಡುಗ. ಅವನಿಗೆ ಅಲ್ಲಿ ಇದೇ ಹವ್ಯಾಸ. "ಹವಾಲ್ದಾರ್ರೇ, ಈ ತೋಟೆಯಲ್ಲಿ ಎಷ್ಟು ಜಾಗ ಖಾಲಿ ಇದೆ ನೋಡಿ, ಇನ್ನೂ ತುಂಬಿಸಬಹುದು" ಅಂದ. ನಾನು ಏನೂ ಹೇಳಲಿಲ್ಲ. ನಳಿಗೆ ಬಿಚ್ಚಿ, ಅಡಿಭಾಗದ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದೆ. ಸಣ್ಣ ಅಕ್ಷರದಲ್ಲಿ ಕೆತ್ತಿತ್ತು: ಕಾರ್ಡೈಟ್ 60 ಗ್ರೇನ್, ಗುಂಡು 400 ಗ್ರೇನ್. "ಓದಪ್ಪಾ" ಅಂದೆ. ಕಾರ್ಡೈಟ್ ಅಂದರೆ ಆ ಕಾಲದ ಮದ್ದು, ಒಂದು ಗ್ರೇನ್ ಅಂದರೆ ಸುಮಾರು ಅರ್ಧ ಗುಲಗಂಜಿ ತೂಕ. ಅಷ್ಟು ಸಣ್ಣ ಲೆಕ್ಕವನ್ನು ಕಬ್ಬಿಣದ ಮೇಲೆ ಕೆತ್ತಿದ್ದು ಯಾಕೆ ಹೇಳಿ?

ಜೋಡು ನಳಿಗೆ ಒಂದಕ್ಕೊಂದು ಸಮಾನಾಂತರವಾಗಿ ಇರುವುದಿಲ್ಲ. ಬಾಯಿಯ ಕಡೆ ಚೂರು ಒಳಕ್ಕೆ ತಿರುಗಿರುತ್ತದೆ. ಬಲ ನಳಿಗೆಯಲ್ಲಿ ಈಡು ಹಾರಿದಾಗ ರೈಫಲ್ ಬಲಕ್ಕೂ ಮೇಲಕ್ಕೂ ಒದೆಯುತ್ತದೆ, ಎಡದ್ದು ಎಡಕ್ಕೆ. ಗುಂಡು ನಳಿಗೆಯೊಳಗೆ ಓಡುತ್ತಿರುವ ಆ ಕ್ಷಣದಲ್ಲೇ ಈ ಒದೆತ ಆಗುವುದು. ಕಾರ್ಖಾನೆಯಲ್ಲಿ ಒಬ್ಬ ಮನುಷ್ಯ ಎರಡೂ ನಳಿಗೆಯಲ್ಲಿ ಹೊಡೆದು ನೋಡಿ, ಬೆಸುಗೆ ಕಾಯಿಸಿ, ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಹೊಡೆದು, ಎರಡೂ ಗುಂಡು ಒಂದೇ ಕಡೆ ಬೀಳುವವರೆಗೆ ಬಿಡುತ್ತಿರಲಿಲ್ಲ. ಅದೆಲ್ಲ ಆ ಒಂದೇ ತೂಕದ ಮದ್ದಿಗೆ, ಆ ಒಂದೇ ಗುಂಡಿಗೆ. ಮದ್ದು ಜಾಸ್ತಿಯಾದರೆ ಒದೆತ ಪೂರ್ತಿಯಾಗುವ ಮೊದಲೇ ಗುಂಡು ಹೊರಗೆ. ಬಲದ ಗುಂಡು ಎಡಕ್ಕೆ, ಎಡದ್ದು ಬಲಕ್ಕೆ. ಕಮ್ಮಿಯಾದರೆ ಎರಡೂ ದೂರ ದೂರ. ಹುಡುಗನ ಮುಖ ಸಣ್ಣದಾಯಿತು. ಯಜಮಾನರಿಗೆ ಖುಷಿಯೋ ಖುಷಿ, ಅಳಿಯನಿಗೆ ಯಾರಾದರೂ ಹೇಳುವವರು ಸಿಕ್ಕಿದರಲ್ಲ ಅಂತ.

ಹುಡುಗ ಜಾಣ. ವಾಪಸು ಹೋಗಿ ಅಲ್ಲಿಯ ಕ್ಲಬ್ಬಿನಲ್ಲಿ ಇಂಥದೇ ರೈಫಲಿಗೆ ಗುಂಡಿನ ವೇಗ ಅಳೆಯುವ ಯಂತ್ರ ಇಟ್ಟು ಕೂತ. ಜಾಸ್ತಿ ವೇಗ ಬೆನ್ನಟ್ಟುವುದು ಬಿಟ್ಟು, ಹಳೆಯ ತೋಟೆಯ ವೇಗವನ್ನೇ ಹುಡುಕಿದ. ಸೆಕೆಂಡಿಗೆ 2100 ಅಡಿಯ ಆಸುಪಾಸಿಗೆ ಬಂದಾಗ ಎರಡೂ ನಳಿಗೆಯ ಗುಂಡು ಒಟ್ಟಿಗೆ ಬಿದ್ದವಂತೆ. ಫೋನಿನಲ್ಲಿ ಅವನ ದನಿ ಕೇಳಬೇಕಿತ್ತು. ತೋಟೆ ಸುಧಾರಿಸುವುದು ಅಂದರೆ ಇದು.

ನಮ್ಮ ಊರಿನ ಸೆಕೆಯೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಕಾರ್ಡೈಟ್ ಬಿಸಿಗೆ ಹೆಚ್ಚು ಜೋರಾಗಿ ಉರಿಯುತ್ತದೆ. ಅದಕ್ಕೇ ಬ್ರಿಟಿಷರು ಭಾರತಕ್ಕೂ ಆಫ್ರಿಕಕ್ಕೂ ಮದ್ದು ಕಮ್ಮಿ ಮಾಡಿದ ತೋಟೆಯನ್ನೇ ಬೇರೆ ಮಾಡಿದರು. ಇಂಗ್ಲೆಂಡಿನ ಕೋವಿ ಕಂಪೆನಿ ರಿಗ್ಬಿಯವರು 1911ರಲ್ಲಿ .416 ಎಂಬ ತೋಟೆ ತಂದಾಗ ಒತ್ತಡ ಏರದಿರಲಿ ಎಂದು ತೋಟೆಯ ಹೊಟ್ಟೆಯನ್ನೇ ದೊಡ್ಡದು ಮಾಡಿದರು. ಅವರು ಬೇಕೆಂದೇ ಬಿಟ್ಟ ಜಾಗ ಅದು, ನೀವು ಯಾಕೆ ತುಂಬಿಸುತ್ತೀರಿ?

ಇನ್ನು ಹಿತ್ತಾಳೆ, ಅಂದರೆ ಹಾರಿಸಿದ ಮೇಲೆ ಉಳಿಯುವ ತೋಟೆಯ ಕವಚ; ಅದಕ್ಕೇ ಮತ್ತೆ ಮದ್ದು ತುಂಬಿಸುವುದು. ಗಾಜಿನ ಆಚೆಯಿಂದ ಬಾನುಲಿಯವರು ಗಡಿಯಾರ ತೋರಿಸುತ್ತಿದ್ದಾರೆ, ಚುಟುಕಾಗಿ ಹೇಳುತ್ತೇನೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದ ಹಾಗೆ, ತೋಟೆಯ ಕತ್ತು ಹಿಗ್ಗಿ ಕುಗ್ಗಿ ಗಡಸಾಗಿ ಸೀಳುತ್ತದೆ. ತುಂಬಿಸುವವರು ಕತ್ತನ್ನಷ್ಟೇ ಕಾಯಿಸಿ ಮೆದು ಮಾಡುತ್ತಾರೆ, ಬುಡವನ್ನು ಯಾವತ್ತೂ ಕಾಯಿಸುವುದಿಲ್ಲ. ಬುಡದ ಅಂಚಿನಿಂದ ಸ್ವಲ್ಪ ಮೇಲೆ ಹೊಳೆಯುವ ಗೆರೆಯೊಂದು ಕಂಡರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ, ಎಸೆಯಬೇಕು. ಮದ್ದಿಗೆ ಬೆಂಕಿ ಹಚ್ಚುವ ಬುಡದ ಕೇಪಿನಲ್ಲಿ ಪಾದರಸ ಇದ್ದ ಹಳೆಯ ತೋಟೆ ಒಂದು ಸಲ ಹಾರಿದರೆ ಆ ಹಿತ್ತಾಳೆ ಪೆಡಸಾಗುತ್ತದೆ, ಮತ್ತೆ ತುಂಬಿಸಲಿಕ್ಕೆ ಬಾರದು.

ಅಜ್ಜನ ಪೆಟ್ಟಿಗೆಯಲ್ಲಿ ಹಸಿರು ಹಿಡಿದ ತೋಟೆ ಉಳಿದಿದ್ದರೆ ಹೊಡೆಯಬೇಡಿ, ಬಿಚ್ಚಲೂ ಬೇಡಿ. ಪೊಲೀಸ್ ಠಾಣೆಗೆ ತಿಳಿಸಿ. ಹಳೆಯ ಕೇಪಿನ ತೋಟೆ ಹಾರಿಸಿದ ನಳಿಗೆಗೆ ಬರೇ ಎಣ್ಣೆ ಸಾಲದು. ಆ ಕೇಪು ಉಪ್ಪು ಬಿಡುತ್ತದೆ, ನಮ್ಮ ಆಟಿಯ ಮಳೆಗೆ ಬೆಳಗಾಗುವುದರೊಳಗೆ ತುಕ್ಕು. ಮೊದಲು ಬಿಸಿನೀರಿನಲ್ಲಿ ತೊಳೆಯಿರಿ, ಒರೆಸಿ ಒಣಗಿಸಿ, ಆಮೇಲೆ ಎಣ್ಣೆ. ನಮಸ್ಕಾರ.