ಪುಟ್ ಎಂಬ ಪುಟ್ಟ ಪದದ ಸಂಸಾರ

ಕೇಳುಗರಿಗೆ ನಮಸ್ಕಾರ.

ಕನ್ನಡದಲ್ಲಿ ನಾವು ಏನೇನೆಲ್ಲ ಹಾಕುತ್ತೇವೆ ನೋಡಿ. ರಂಗೋಲಿ ಹಾಕುತ್ತೇವೆ, ಸಹಿ ಹಾಕುತ್ತೇವೆ, ಒಗ್ಗರಣೆ ಹಾಕುತ್ತೇವೆ, ಲೈಟೂ ಹಾಕುತ್ತೇವೆ. ಹಾಕುವುದು ಎಂಥದ್ದು ಅಂತ ಅದರ ಹಿಂದಿನ ಮಾತೇ ಹೇಳಿಬಿಡುತ್ತದೆ. ಇಂಗ್ಲಿಷಿನ ಪುಟ್ ಕೂಡ ಹೀಗೆ ಎಲ್ಲದಕ್ಕೂ ಬರುತ್ತದೆ. ಆದರೆ ಅದರ ಗುಟ್ಟೆಲ್ಲ ಬಾಲದಲ್ಲಿ. ಆನ್, ಆಫ್, ಔಟ್, ಅಪ್ ಅಂತ ಬಾಲ ಬದಲಾದರೆ ಅರ್ಥವೂ ಬದಲು. ಹೀಗೆ ಬಾಲ ಸೇರಿದ ಕ್ರಿಯಾಪದಗಳಿಗೆ ಫ್ರೇಸಲ್ ವರ್ಬ್ ಅನ್ನುತ್ತಾರೆ.

ನಮ್ಮವರು ಬಾಲ ಮರೆಯುವುದೇ ಜಾಸ್ತಿ. ಲೈಟ್ ಹಾಕು ಅನ್ನಲು 'ಪುಟ್ ದ ಲೈಟ್' ಅಂದು ಸುಮ್ನಾಗುತ್ತೇವೆ. ಕೇಳಿದವರಿಗೆ ಲೈಟನ್ನು ಎಲ್ಲಿ ಇಡಬೇಕು ಅನ್ನುವ ಚಿಂತೆ! 'ಪುಟ್ ದ ಲೈಟ್ ಆನ್' ಅಂದರೆ ಬೆಳಕು, 'ಔಟ್' ಅಂದರೆ ಕತ್ತಲೆ. ಬೆಂಕಿ ಆರಿಸುವುದೂ ಪುಟ್ ಔಟ್. ಅಂಗಿ ತೊಡುವುದು ಪುಟ್ ಆನ್. ಮದುವೆ ಊಟ ಉಂಡು ತೂಕ ಏರಿಸಿಕೊಳ್ಳುವುದೂ ಪುಟ್ ಆನ್.

ನಿಜವಾದ ಪೇಚು ಬರುವುದು ಮೀಟಿಂಗ್ ಮುಂದಕ್ಕೆ ಹಾಕುವಾಗ. ಮುಂದಕ್ಕೆ ತಾನೇ ಅಂತ 'ಪುಟ್ ಫಾರ್ವರ್ಡ್' ಅಂದಿರೋ, ಬ್ರಿಟನ್ನಿನವರು ಗೊತ್ತಾದ ದಿನಕ್ಕಿಂತ ಮೊದಲೇ ಬಂದು ಕೂತಾರು. ಅವರಿಗೆ ಅದು ಬೇಗ ಮಾಡುವುದು. ತಡ ಮಾಡುವುದು ಪುಟ್ ಬ್ಯಾಕ್. ತಮಾಷೆ ಅಂದರೆ, ಗಡಿಯಾರದ ವಿಷಯದಲ್ಲಿ ಮಾತ್ರ ಅವರ ಫಾರ್ವರ್ಡ್ ನಮ್ಮ ಮುಂದಕ್ಕೇ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು 1 ಗಂಟೆ ಪುಟ್ ಫಾರ್ವರ್ಡ್ ಮಾಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಪುಟ್ ಬ್ಯಾಕ್. ಈ ಗೊಂದಲವೇ ಬೇಡ ಅನ್ನುವವರು ಮೀಟಿಂಗಿಗೆ ಪುಟ್ ಆಫ್ ಅಂದುಬಿಡಿ. ಅದು ಮುಂದೂಡುವುದು, ಅನುಮಾನವಿಲ್ಲ.

ಮೀಟಿಂಗ್ ಅನ್ನುವ ಬದಲು ಬರೀ 'ಇಟ್' ಅಂದರೆ, ಅದು ನಡುವೆ ಕೂರಬೇಕು. ಪುಟ್ ಇಟ್ ಆಫ್. 'ಪುಟ್ ಆಫ್ ಇಟ್' ಅನ್ನುವಂತಿಲ್ಲ. ಒತ್ತು ಬೀಳುವುದೂ ಆ ಆಫ್ ಮೇಲೇ. ಪಟ್ಟಿ ಮಾಡಿ ಉರು ಹೊಡೆಯುವ ಬದಲು ಇಡೀ ವಾಕ್ಯವನ್ನೇ ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿ, ನಾಲಗೆಗೆ ಹಿಡಿಯುತ್ತದೆ.

ಸಹಿಸಿಕೊಳ್ಳುವುದಕ್ಕೆ ಪುಟ್ ಅಪ್ ವಿತ್ ಅನ್ನುತ್ತಾರೆ. ಈ ಮೂರರ ನಡುವೆ ಯಾರೂ ನುಗ್ಗುವಂತಿಲ್ಲ, 'ಇಟ್' ಕೊನೆಗೇ ನಿಲ್ಲಬೇಕು. ಆ ವಿತ್ ಮಾತ್ರ ಬಿಡಬೇಡಿ. ಕಾಟ ಕೊಡುವ ನೆಂಟನ ಬಗ್ಗೆ 'ಐ ಕಾಂಟ್ ಪುಟ್ ಅಪ್ ವಿತ್ ಹಿಮ್' ಅಂದರೆ ಅವನನ್ನು ಸಹಿಸಲು ಆಗದು ಅಂತ. ವಿತ್ ತೆಗೆದು 'ಐ ಕೆನ್ ಪುಟ್ ಹಿಮ್ ಅಪ್' ಅಂದಿರೋ, ಅವನು ಹಾಸಿಗೆ ಸಮೇತ ನಿಮ್ಮ ಮನೆಯಲ್ಲೇ ಉಳಿದುಕೊಳ್ಳುತ್ತಾನೆ!

ನಮಸ್ಕಾರ.