36 ಪ್ಯಾಕೆಟ್ ಹಳೇ ಬೇಸ್‌ಬಾಲ್ ಕಾರ್ಡು, ಜೊತೆಗೆ ಹಳೇ ಬಬಲ್ ಗಮ್

ನಮಸ್ಕಾರ ಎಲ್ಲರಿಗೂ. ಇದು ಫಿಲಡೆಲ್ಫಿಯಾ ಹತ್ತಿರದ ಒಂದು ಹೋಟೆಲ್ ಹಾಲ್. ಹೊರಗಿನಿಂದ ನೋಡಿದರೆ ಯಾರದೋ ಮದುವೆ ಇರಬೇಕು ಅನ್ನಿಸುತ್ತದೆ, ಒಳಗೆ ಬಂದರೆ ಬರೀ ಬೇಸ್‌ಬಾಲ್ ಕಾರ್ಡು, ಅಂದರೆ ಆಟಗಾರರ ಚಿತ್ರ ಇರುವ ಚಿಕ್ಕ ಕಾರ್ಡುಗಳು. ನಮ್ಮ ಪುಟ್ಟನಿಗೆ ಎರಡು ವರ್ಷದಿಂದ ಇದೇ ಹುಚ್ಚು. ನಮ್ಮನೆಯವರು ಭಾನುವಾರ ಬೆಳಿಗ್ಗೆ ಎದ್ದು ನ್ಯೂಜೆರ್ಸಿಯ ಎಡಿಸನ್‌ನಿಂದ ಕಾರು ಓಡಿಸಿಕೊಂಡು ಬಂದು, ಈಗ ಬಾಗಿಲ ಹತ್ತಿರ ಫೋನ್ ಹಿಡಿದು ಕೂತಿದ್ದಾರೆ. ಅಲ್ಲಿ, ನೀಲಿ ಜಾಕೆಟ್. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಾರೆ, ಬಿಡಿ.

ಈ ಗಾಜಿನ ಪೆಟ್ಟಿಗೆ ಒಳಗಿರುವುದು ಟಾಪ್ಸ್ ಅನ್ನುವ ಕಂಪನಿಯ 1952ರ ಕಾರ್ಡುಗಳು. ಒಟ್ಟು 407 ಕಾರ್ಡಿನ ಸೆಟ್ಟು. ಟಾಪ್ಸ್‌ನ ಸೈ ಬರ್ಗರ್ ಅನ್ನುವವರು ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ, ಸಹೋದ್ಯೋಗಿ ವುಡಿ ಗೆಲ್ಮನ್ ಜೊತೆ ಕೂತು ಇದರ ವಿನ್ಯಾಸ ಮಾಡಿದ್ದಂತೆ. ಇದೇ ಸೆಟ್ಟಿನ, ಮಿಕ್ಕಿ ಮ್ಯಾಂಟಲ್ ಅನ್ನುವ ಆಟಗಾರನ ಕಾರ್ಡು ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ರೂಪಾಯಿಗೆ ಲೆಕ್ಕ ಹಾಕಬೇಡಿ, ನಾನು ಹಾಕಿ ಆಗಿದೆ, ಆ ರಾತ್ರಿ ನಿದ್ದೆ ಬರಲಿಲ್ಲ. ತಮಾಷೆ ಏನು ಗೊತ್ತಾ, ಮ್ಯಾಂಟಲ್ ಕಾರ್ಡಿದ್ದ ಕೊನೆಯ ಕಂತು ಬಂದದ್ದು ಸೀಸನ್ ಮುಗಿಯುವ ಹೊತ್ತಿಗೆ. ಯಾರೂ ಕೊಳ್ಳಲಿಲ್ಲ. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತು, ಪುಕ್ಕಟೆಗೆ ಅನ್ನುವ ಹಾಗೆ ಮಾರಲು ಹೋದರೂ ಬೇಡ ಅಂದರು, ಕೊನೆಗೆ 1960ರಲ್ಲಿ ಬಾರ್ಜ್ ಅನ್ನುವ ಸರಕು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಅಂತ ಬರ್ಗರ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ನನ್ನ ಕಾಮಿಕ್ಸನ್ನೆಲ್ಲ ಹಳೇ ಪೇಪರಿನವನಿಗೆ ಕೊಟ್ಟರು ಅಂತ ಅಮ್ಮನ ಮೇಲೆ ಇಷ್ಟು ವರ್ಷ ಸಿಟ್ಟಿತ್ತು. ಇದನ್ನು ಕೇಳಿದ ಮೇಲೆ ಅಮ್ಮನದು ಏನೂ ಅಲ್ಲ ಅನ್ನಿಸಿತು.

ಪುಟ್ಟ ಮುಂದಿನ ಮೇಜಿಗೆ ಓಡಿದ, ಬನ್ನಿ.

ಈ ಚಿಕ್ಕ ಕಾರ್ಡುಗಳು ಬೋಮನ್. ಇದು ಇದೇ ಫಿಲಡೆಲ್ಫಿಯಾ ಊರಿನದು. ಇವರೆಲ್ಲ ನಿಜವಾಗಿ ಬಬಲ್ ಗಮ್ ಕಂಪನಿಗಳು ಕಣ್ರೀ, ಕಾರ್ಡು ಇದ್ದದ್ದು ಗಮ್ ಮಾರುವುದಕ್ಕೆ. ಬೋಮನ್ 1948ರಿಂದ ಕಾರ್ಡು ಹಾಕುತ್ತಿತ್ತು, 1951ರಲ್ಲಿ ಟಾಪ್ಸ್ ನಡುವೆ ನುಗ್ಗಿತು. ತನ್ನ ಚಿತ್ರ ಹಾಕಿಕೊಳ್ಳಿ ಅಂತ ಅದೇ ಆಟಗಾರ ಇಬ್ಬರಿಗೂ ಸಹಿ ಹಾಕಿದ. ಕೋರ್ಟಿಗೆ ಹೋದರು. ಈಗ ನಮ್ಮ ಸಿನಿಮಾ ನಟರು ನನ್ನ ಮುಖ, ನನ್ನ ದನಿ ಕೇಳದೆ ಬಳಸಬೇಡಿ ಅಂತ ಕೇಸ್ ಹಾಕುತ್ತಾರಲ್ಲ, ಅದಕ್ಕೆ ಆಧಾರವಾದ 'ರೈಟ್ ಆಫ್ ಪಬ್ಲಿಸಿಟಿ' ಅನ್ನುವ ಮಾತು ಬಂದದ್ದು 1953ರ ಈ ಗಮ್ ಜಗಳದ ತೀರ್ಪಿನಲ್ಲಿ! ತೀರ್ಪು ಬೋಮನ್ ಕಡೆಗೇ ಇತ್ತು. ಏನು ಪ್ರಯೋಜನ, 1956ರಲ್ಲಿ ಟಾಪ್ಸ್ 2 ಲಕ್ಷ ಡಾಲರ್ ಕೊಟ್ಟು ಬೋಮನ್ನನ್ನೇ ಕೊಂಡುಬಿಟ್ಟಿತು.

ಆಮೇಲೆ ಉಳಿದ ಎದುರಾಳಿ ಫ್ಲೀರ್. ಅದೂ ಫಿಲಡೆಲ್ಫಿಯಾ. 1928ರಲ್ಲಿ ಡಬಲ್ ಬಬಲ್ ಅನ್ನುವ ಬಬಲ್ ಗಮ್ ಮಾಡಿದ್ದು ಇವರೇ, ಅದೂ ಅಲ್ಲಿನ ಲೆಕ್ಕ ಬರೆಯುವವರು ಕಂಡುಹಿಡಿದದ್ದು. ಬಬಲ್ ಗಮ್ ಯಾಕೆ ಗುಲಾಬಿ ಬಣ್ಣ ಅಂದರೆ, ಆವತ್ತು ಅವರ ಕೈಗೆ ಸಿಕ್ಕ ಬಣ್ಣ ಅದೊಂದೇ ಅಂತೆ. ಸರಿ, ಎಲ್ಲಿದ್ದೆ? ಹಾಂ, ಗಮ್, ಸಿಹಿತಿಂಡಿ ಜೊತೆ ಕಾರ್ಡು ಮಾರುವ ಹಕ್ಕು ಟಾಪ್ಸ್ ಕೈಯಲ್ಲಿತ್ತು. ಅದಕ್ಕೆ ಫ್ಲೀರ್ 1963ರಲ್ಲಿ ಗಮ್ ಬದಲು ಬಿಸ್ಕತ್ತು ಹಾಕಿತು. ಅದೂ ಸಕ್ಕರೆ ಕಡಿಮೆ, ಸಿಹಿತಿಂಡಿ ಅಂತ ಯಾರೂ ಕೇಸ್ ಹಾಕಬಾರದಲ್ಲ. ಅಂಥ ಬಿಸ್ಕತ್ತನ್ನು ಯಾವ ಮಗು ತಿನ್ನುತ್ತದೆ? ಆದರೂ ಟಾಪ್ಸ್ ಬಿಡಲಿಲ್ಲ, 66 ಕಾರ್ಡಿಗೇ ಆ ಸೆಟ್ಟು ನಿಂತಿತು. ಟಾಪ್ಸ್ ಅಂದರೆ ಪಕ್ಕಾ ರೌಡಿ ಅನ್ನುವುದು ನನ್ನ ಅಭಿಪ್ರಾಯ. ಆಟಗಾರರಿಗೆ ಕೊಡುತ್ತಿದ್ದದ್ದಾದರೂ ಎಷ್ಟು, ವರ್ಷಕ್ಕೆ 125 ಡಾಲರ್. 60ರ ದಶಕದ ಕೊನೆಗೆ ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಪಟ್ಟು ಹಿಡಿದು ಕೂತ ಮೇಲೆ ಅದು 250 ಆಯಿತು, ಮಾರಾಟದಲ್ಲಿ ಪಾಲೂ ಬಂತು.

ಇಲ್ಲಿ ನಾವು ಕೊಂಡ ಡಬ್ಬ. 1988ರ ಟಾಪ್ಸ್, ಒಡೆಯದ 36 ಪ್ಯಾಕೆಟ್. 30 ಡಾಲರ್ ಅಂದ ಅಜ್ಜನ ಹತ್ತಿರ ಚೌಕಾಸಿ ಮಾಡಿ 28ಕ್ಕೆ ಇಳಿಸಿದೆ, ಗೆದ್ದೆ ಅಂದುಕೊಂಡೆ. ನಾಲ್ಕು ಮೇಜು ದಾಟಿದರೆ ಅದೇ ಡಬ್ಬ 18 ಡಾಲರ್. ನಮ್ಮನೆಯವರಿಗೆ ಹೇಳಿಲ್ಲ, ಈ ವಿಡಿಯೋ ಅವರು ನೋಡಲ್ಲ.

ಈಗ ಮನೆ. ಪುಟ್ಟ ಬಿಚ್ಚುತ್ತಿದ್ದಾನೆ, ನಾನು ಹೇಳುವುದೇನೂ ಇಲ್ಲ, ನೋಡಿ.

ಇಲ್ಲಿ ನಿಲ್ಲಿಸುತ್ತೇನೆ. ಆ ಗುಲಾಬಿ ಪಟ್ಟಿ ಕಾಣುತ್ತಿದೆಯಾ? ಅದು 1988ರಲ್ಲಿ ಹಾಕಿದ ಗಮ್. ನನಗಿಂತ ಸ್ವಲ್ಪವೇ ಚಿಕ್ಕದು. ನಾನು ಕ್ಯಾಮೆರಾ ಸರಿ ಮಾಡುವಷ್ಟರಲ್ಲಿ ಪುಟ್ಟ ಅದನ್ನು ಬಾಯಿಗೆ ಹಾಕಿಕೊಂಡಾಗಿತ್ತು. ಕಟಕ್ ಅಂತು. ಆಮೇಲೆ ಮುಖ ನೋಡಿ. ಗಮ್ ಅಗಿಯಲು ಬರಲೇ ಇಲ್ಲ, ಬಳಪ ತಿಂದ ಹಾಗೆ ಬಾಯಿ ತುಂಬ ಪುಡಿ, ಉಗಿ ಉಗಿ ಅಂತ ನಾನು ಕೂಗುತ್ತಿದ್ದೇನೆ, ಅವನು ಉಗಿಯುತ್ತಿರುವುದು ನನ್ನ ಕೈಗೆ, ಹಿಂದೆ ನಗುತ್ತಿರುವುದು ಅವರಪ್ಪ. ನಾಲ್ಕು ಸಲ ಬಾಯಿ ಮುಕ್ಕಳಿಸಿದರೂ ವಾಸನೆ ಹೋಗಲಿಲ್ಲ, ಒಂದು ಥರಾ ಹಳೇ ಟ್ರಂಕಿನ ವಾಸನೆ. ರಾತ್ರಿ ಊಟಕ್ಕೆ ಸಾರು ಅನ್ನ ಹಾಕಿದರೆ ಸಾರೂ ಗಮ್ ಥರ ಇದೆ ಅಂದ. ಹೊಟ್ಟೆಗೇನೂ ಆಗಲಿಲ್ಲ, ಕಾಮೆಂಟಿನಲ್ಲಿ ಬೈಯಬೇಡಿ.

ಇನ್ನೊಂದು ಪ್ಯಾಕೆಟ್ಟಿನಲ್ಲಿ ಗಮ್ ಕಾರ್ಡಿಗೇ ಅಂಟಿಕೊಂಡಿತ್ತು. ಯಾವ ಕಾರ್ಡಿಗೆ? ಟಾಮ್ ಗ್ಲಾವಿನ್! ಅಟ್ಲಾಂಟಾದ ಬೌಲರ್, ಅಯ್ಯೋ ಬೌಲರ್ ಅಲ್ಲ, ಪಿಚರ್, 305 ಪಂದ್ಯ ಗೆದ್ದವರು, ಈ ಡಬ್ಬದಲ್ಲಿ ಅವರ ಮೊದಲ ಟಾಪ್ಸ್ ಕಾರ್ಡು ಸಿಕ್ಕರೆ ಅದೃಷ್ಟ ಅಂತ ಪುಟ್ಟ ವಾರದಿಂದ ಹೇಳುತ್ತಿದ್ದ. ಮೆಲ್ಲಗೆ ಬಿಡಿಸಿದೆ, ಎಣ್ಣೆ ಕಲೆ ಹಾಗೇ ಉಳಿಯಿತು. ಕಲೆ ಆಗುತ್ತದೆ ಅಂತ ಜನ ಬೈದು ಬೈದು 1992ರ ಹೊತ್ತಿಗೆ ಟಾಪ್ಸ್ ಗಮ್ ಹಾಕುವುದನ್ನೇ ಬಿಟ್ಟಿತು. ನಾಲ್ಕು ವರ್ಷ ಮೊದಲೇ ಬಿಟ್ಟಿದ್ದರೆ?

ಕಲೆ ನೋಡಿ ಪುಟ್ಟ ಅತ್ತದ್ದು ಸುಮ್ನೆ, ಕಲೆ ಇಲ್ಲದಿದ್ದರೂ ಅದರ ಬೆಲೆ ಒಂದೆರಡು ಡಾಲರ್ ಅಷ್ಟೇ ಅಂತೆ. ಟಾಪ್ಸನ್ನು ಬೈದೆನಲ್ಲ, ಅದನ್ನು ಸ್ವಲ್ಪ ವಾಪಸ್ ತೆಗೆದುಕೊಳ್ಳುತ್ತೇನೆ. 1981ರಲ್ಲಿ ಫ್ಲೀರ್, ಡಾನ್‌ರಸ್ ಇಬ್ಬರೂ ಮಾರುಕಟ್ಟೆಗೆ ಬಂದರು. ಗಮ್ ಹಾಕುವ ಹಾಗಿಲ್ಲ ಅಂತ ಅದೇ ವರ್ಷ ಮೇಲಿನ ಕೋರ್ಟು ಹೇಳಿದ್ದಕ್ಕೆ ಒಬ್ಬರು ಸ್ಟಿಕ್ಕರ್, ಒಬ್ಬರು ಪಜಲ್ ತುಂಡು ಹಾಕಿದರು. 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್. ಎಲ್ಲರೂ ಅಚ್ಚು ಹಾಕಿದ್ದೇ ಹಾಕಿದ್ದು, ಜನರೂ ಮಗನ ಕಾಲೇಜು ಫೀಸಿಗೆ ಆಗುತ್ತದೆ ಅಂತ ಡಬ್ಬಗಟ್ಟಲೆ ಅಟ್ಟದ ಮೇಲೆ ಇಟ್ಟರು. ಎಲ್ಲರ ಅಟ್ಟದಲ್ಲೂ ಇದ್ದರೆ ಬೆಲೆ ಎಲ್ಲಿಂದ ಬರಬೇಕು? 1994ರಲ್ಲಿ ಆಟಗಾರರ ಮುಷ್ಕರ, ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸೇ ನಡೆಯಲಿಲ್ಲ, ಜನಕ್ಕೆ ಬೇಜಾರು ಹತ್ತಿತು. ಫ್ಲೀರ್ 2005ರಲ್ಲಿ ಬಾಗಿಲು ಹಾಕಿತು. ಟಾಪ್ಸ್ ಕೂಡ 2022ರಲ್ಲಿ ಜೆರ್ಸಿ, ಟೋಪಿ ಮಾರುವ ಫ್ಯಾನಟಿಕ್ಸ್ ಪಾಲಾಯಿತು. ಒಬ್ಬಿಬ್ಬರೇ ಮಾರುತ್ತಿದ್ದ ಕಾಲದ ಕಾರ್ಡಿಗೆ ಲಕ್ಷ, ನಾಲ್ಕೈದು ಜನ ಪೈಪೋಟಿ ಮಾಡಿದ ಕಾಲದ ಡಬ್ಬಕ್ಕೆ 28 ಡಾಲರ್. 18. ಗೊತ್ತು.

ಬ್ಯಾಟರಿ ಕೆಂಪು ತೋರಿಸುತ್ತಿದೆ. ಉಳಿದ ಗಮ್ ಈ ಸ್ಟೀಲ್ ಡಬ್ಬಿಯಲ್ಲಿದೆ. ಕಸಕ್ಕೆ ಹಾಕಲು ಹೋದರೆ ಪುಟ್ಟ ಬಿಡುತ್ತಿಲ್ಲ. "ಅಮ್ಮಾ, ಅವರೂ ಹೀಗೇ ಅಂದ್ಕೊಂಡು ಸಮುದ್ರಕ್ಕೆ ಸುರಿದದ್ದು ಅಲ್ವಾ" ಅಂತಾನೆ. ಕಸದ ಗಾಡಿ ಮಂಗಳವಾರ ಬರುತ್ತದೆ, ಅವನು ಸ್ಕೂಲಿನಲ್ಲಿರುವ ಹೊತ್ತಿಗೆ.