ನಡೆಯದೇ ಇದ್ದದ್ದು ನೆನಪಿರುವುದು ಹೇಗೆ?

[ಪರದೆ ಕಪ್ಪು. ಪದಗಳು ಒಂದೊಂದಾಗಿ ಮೂಡಿ ಮರೆಯಾಗುತ್ತವೆ. ಒಂದೊಂದಕ್ಕೂ ಎರಡು ಸೆಕೆಂಡ್.]

ಹಾಸಿಗೆ. ದಿಂಬು. ದಣಿವು. ಕನಸು. ಆಕಳಿಕೆ. ಹೊದಿಕೆ. ರಾತ್ರಿ. ಗೊರಕೆ. ತೂಕಡಿಕೆ. ಮಂಚ. ಲಾಲಿ. ಎಚ್ಚರ.

[ನಿರೂಪಕ ಕ್ಯಾಮೆರಾ ಎದುರು.]

ನಮಸ್ಕಾರ. ಈಗ ನೋಡಿದ ಪದಗಳನ್ನು ಬರೆದುಕೊಳ್ಳಬೇಡಿ. ವಿಡಿಯೋ ಹಿಂದಕ್ಕೂ ಎಳೆಯಬೇಡಿ. ಸುಮ್ನೆ ತಲೆಯಲ್ಲಿ ಇಟ್ಟುಕೊಂಡಿರಿ, ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತೇನೆ.

ಅಷ್ಟರಲ್ಲಿ ನನ್ನದೊಂದು ನೆನಪು ಹೇಳುತ್ತೇನೆ. ನನಗೆ ಆಗ ಐದು ವರ್ಷ. ಜೋಕಾಲಿಯಿಂದ ಬಿದ್ದೆ. ಹಗ್ಗ ಕೈ ಜಾರಿದ್ದು, ಬಾಯಿಗೆ ಮಣ್ಣು ಹೋಗಿದ್ದು, ಗದ್ದದಿಂದ ರಕ್ತ ಇಳಿದು ಅಂಗಿಯ ಬಿಳಿ ಗುಂಡಿ ಕೆಂಪಾಗಿದ್ದು, ಎಲ್ಲಾ ನಿನ್ನೆ ಆದ ಹಾಗೆ ಕಣ್ಣಿಗೆ ಕಟ್ಟಿದೆ. ಎಷ್ಟೋ ಜನರಿಗೆ ಹೇಳಿದ್ದೇನೆ. ಕಳೆದ ವರ್ಷ ಅಕ್ಕನ ಎದುರೇ ಇನ್ಯಾರಿಗೋ ಹೇಳುತ್ತಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮುಖ ಮೇಲೆತ್ತಿ ತನ್ನ ಗದ್ದ ತೋರಿಸಿದಳು. ಹೊಲಿಗೆ ಹಾಕಿದ ಗುರುತು ಅಲ್ಲಿದೆ. "ಬಿದ್ದಿದ್ದು ನಾನು ಕಣೋ," ಅಂದಳು.

ಅವಳದೂ ನೆನಪೇ ತಾನೆ ಅನ್ನಬಹುದು. ಆದರೆ ಗುರುತು ಇರುವುದು ಅವಳ ಗದ್ದದ ಮೇಲೆ. ನನ್ನ ಗದ್ದದ ಮೇಲೆ ಒಂದು ಗೀರೂ ಇಲ್ಲ. ದಿನಾ ಕನ್ನಡಿ ನೋಡುತ್ತೇನೆ, ಒಂದು ದಿನವಾದರೂ ಅನುಮಾನ ಬಂದಿರಲಿಲ್ಲ!

ಸರಿ, ಈಗ ಪದಗಳ ವಿಷಯ.

[ಪರದೆ ಮೇಲೆ ಮೂರು ಪದ: ಗೊರಕೆ, ನಿದ್ದೆ, ಏಣಿ]

ಈ ಮೂರರಲ್ಲಿ ಯಾವ್ಯಾವುದು ಪಟ್ಟಿಯಲ್ಲಿತ್ತು? ಏಣಿ ಇರಲಿಲ್ಲ, ಅದು ಸುಲಭ. ಗೊರಕೆ ಇತ್ತು. ನಿದ್ದೆ?

ಇರಲಿಲ್ಲ. ಈಗ ಬೇಕಾದರೆ ಹಿಂದಕ್ಕೆ ಹೋಗಿ ನೋಡಿಕೊಂಡು ಬನ್ನಿ.

"ಇತ್ತು" ಅಂದವರು ಬೇಜಾರು ಮಾಡಿಕೊಳ್ಳಬೇಡಿ. 1995ರಲ್ಲಿ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ ಎಂಬ ಮನೋವಿಜ್ಞಾನಿಗಳು ಇಂಥದ್ದೇ ಪಟ್ಟಿಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ಓದಿ ಹೇಳಿದರು. ನಿಜಕ್ಕೂ ಓದಿದ ಪದಗಳನ್ನು ಗುರುತು ಹಿಡಿದಷ್ಟೇ ಸಲೀಸಾಗಿ, ಓದದೇ ಇದ್ದ ಆ ಒಂದು ಪದವನ್ನೂ ವಿದ್ಯಾರ್ಥಿಗಳು ಗುರುತು ಹಿಡಿದರು. ಕೇಳಿದ್ದು ಚೆನ್ನಾಗಿ ನೆನಪಿದೆ ಅಂತಲೂ ತುಂಬ ಜನ ಹೇಳಿದರು.

ಹೀಗೇಕಾಗುತ್ತದೆ? ನಾವು ನೆನಪನ್ನು ಮೊಬೈಲ್ ವಿಡಿಯೋ ತರಹ ಅಂದುಕೊಂಡಿದ್ದೇವೆ. ಒಮ್ಮೆ ಸೇವ್ ಆಯಿತು ಅಂದರೆ ಮುಗಿಯಿತು, ಬೇಕಾದಾಗ ಪ್ಲೇ ಮಾಡಿದರಾಯಿತು, ಅಲ್ವಾ? ತಲೆಯೊಳಗೆ ಅಂಥ ಫೈಲ್ ಎಲ್ಲೂ ಇಲ್ಲ. ಜೋಕಾಲಿಯನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಂಡದ್ದರ ಕೆಲಸ ಮಿದುಳಿನ ಹಿಂಭಾಗದಲ್ಲಿ. ಕೇಳಿದ್ದರ ಕೆಲಸ ಕಿವಿಗಳ ಪಕ್ಕದಲ್ಲಿ. ಹೆದರಿಕೆಗೆ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಸಣ್ಣ ಗಂಟು. ಒಂದೇ ಘಟನೆ ಚೂರುಚೂರಾಗಿ ಹರಡಿ ಕೂತಿರುತ್ತದೆ. ಈ ಮಣಿಗಳನ್ನೆಲ್ಲ ಪೋಣಿಸುವ ದಾರ ಹಿಪ್ಪೊಕ್ಯಾಂಪಸ್. ಎರಡೂ ಕಿವಿಗಳ ನೇರಕ್ಕೆ, ಮಿದುಳಿನ ಒಳಗೆ, ಬದಿಗೊಂದರಂತೆ ಇದೆ. ನೋಡಲು ಕಡಲಕುದುರೆಯ ಹಾಗೆ. ಹೆಸರು ಬಂದಿದ್ದೂ ಅದರಿಂದಲೇ.

ನೆನಪಿಸಿಕೊಳ್ಳುವಾಗ ಮಿದುಳು ಈ ಚೂರುಗಳನ್ನು ಮತ್ತೆ ಜೋಡಿಸುತ್ತದೆ. ಕೆಲವು ಚೂರು ಸಿಗುವುದಿಲ್ಲ. ಆಗ "ಸಾಮಾನ್ಯವಾಗಿ ಹೀಗೇ ಇರುತ್ತೆ" ಅನ್ನುವ ಅಂದಾಜಿನಿಂದ ಜಾಗ ತುಂಬುತ್ತದೆ. ಹಾಸಿಗೆ, ದಿಂಬು, ಗೊರಕೆ ಎಲ್ಲಾ ಇದ್ದ ಮೇಲೆ ನಿದ್ದೆ ಇರದೇ ಇರುತ್ತದಾ? ತೊಂದರೆ ಏನೆಂದರೆ, ತುಂಬಿದ ಚೂರಿಗೂ ನಿಜವಾದ ಚೂರಿಗೂ ಇರುವ ವ್ಯತ್ಯಾಸ ನಮಗೆ ಒಳಗಿನಿಂದ ಗೊತ್ತಾಗುವುದಿಲ್ಲ.

[ಹಳೆಯ ಕಪ್ಪು ಬಿಳುಪು ಫೋಟೋದ ಚೌಕಟ್ಟು. ಮೇಲೆ ಎರಡೇ ಅಕ್ಷರ: ಎಚ್. ಎಂ.]

ಹಿಪ್ಪೊಕ್ಯಾಂಪಸ್ ಮಾಡುವ ಕೆಲಸ ಇಷ್ಟು ಸ್ಪಷ್ಟವಾಗಿ ಗೊತ್ತಾಗಿದ್ದು ಒಬ್ಬ ಮನುಷ್ಯನಿಂದ. ಅಮೆರಿಕದ ಹೆನ್ರಿ ಮೊಲೈಸನ್. ಬದುಕಿರುವಷ್ಟು ದಿನ ಜಗತ್ತಿಗೆ ಅವರು ಬರೀ ಎಚ್. ಎಂ. ಮೂರ್ಛೆರೋಗ ಅವರನ್ನು ಹಣ್ಣು ಮಾಡಿಬಿಟ್ಟಿತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಮೂರ್ಛೆ ಕಡಿಮೆಯಾಯಿತು. ಹೊಸ ನೆನಪು ಹುಟ್ಟುವುದೂ ನಿಂತುಹೋಯಿತು. ಮಾತಿಗೆ, ಬುದ್ಧಿಗೆ ಏನೂ ಆಗಲಿಲ್ಲ. ಚಿಕ್ಕಂದಿನ ಮನೆ, ತಂದೆ ತಾಯಿ ಎಲ್ಲಾ ನೆನಪಿತ್ತು. ಆದರೆ ಈಗ ತಾನೇ ಮಾತಾಡಿಸಿ ಹೋದವರು ಮತ್ತೆ ಬಂದರೆ ಹೊಸಬರು.

ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಹೆನ್ರಿಯನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಪ್ರತಿ ಸಲವೂ ತಮ್ಮ ಪರಿಚಯ ಹೇಳಿಕೊಂಡೇ ಶುರು ಮಾಡಬೇಕಿತ್ತು. ಒಂದು ಪರೀಕ್ಷೆ ಹೀಗಿತ್ತು. ಕಾಗದದ ಮೇಲೆ ಎರಡು ಗೆರೆಯ ನಕ್ಷತ್ರ. ಗೆರೆಗಳ ಮಧ್ಯೆ ಪೆನ್ಸಿಲ್ ಓಡಿಸಬೇಕು. ಕೈ ಕಾಣುವುದಿಲ್ಲ, ಕನ್ನಡಿಯಲ್ಲಿ ನೋಡಿಕೊಂಡೇ ಬರೆಯಬೇಕು. ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ತಿರುವು ಬಂದಾಗಲೆಲ್ಲ ಕೈ ಎಡವಟ್ಟು ಮಾಡುತ್ತದೆ. ಮೂರು ದಿನ ಮಾಡಿಸಿದ ಮೇಲೆ ಹೆನ್ರಿಯ ಗೆರೆ ಸುಮಾರಾಗಿ ನೇರವಾಗಿತ್ತು. ಆದರೆ ಇದನ್ನು ಹಿಂದೆ ಮಾಡಿದ್ದೇನೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಕೈ ಕಲಿತಿತ್ತು, ಕಲಿತ ದಿನ ಮಾತ್ರ ಕಳೆದುಹೋಗಿತ್ತು. ಅಂದರೆ ಸೈಕಲ್ ಹೊಡೆಯುವ ನೆನಪು ಬೇರೆ, ಸೈಕಲ್ ಕಲಿತ ದಿನದ ನೆನಪು ಬೇರೆ.

ಅವರು 2008ರಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ಎಷ್ಟೋ ಪರೀಕ್ಷೆಗಳಿಗೆ ಕೂತಿದ್ದರು. ಕೂತಿದ್ದು ಅವರಿಗೇ ನೆನಪಿರಲಿಲ್ಲ. ನೆನಪಿನ ಬಗ್ಗೆ ಏನೇ ಮಾತಾಡಿದರೂ ಅವರ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

[ರಾಕೆಟ್ ಮೇಲೇರುವ ಚಿತ್ರ. ದಿನಾಂಕ: 28 ಜನವರಿ 1986]

ಹಿಪ್ಪೊಕ್ಯಾಂಪಸ್ ಸರಿಯಿದ್ದ ಮಾತ್ರಕ್ಕೆ ನೆನಪು ಸರಿಯಿರುತ್ತದಾ? ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಯಿತು. ಏಳೂ ಜನ ಯಾತ್ರಿಗಳು ಸತ್ತರು. ಮಾರನೇ ದಿನ ಬೆಳಿಗ್ಗೆ, ಎಮೋರಿ ವಿಶ್ವವಿದ್ಯಾಲಯದ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಹಾಳೆ ಕೊಟ್ಟರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ, ಬರೆಯಿರಿ ಅಂದರು. ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನರನ್ನು ಹಿಡಿದು ಅದೇ ಪ್ರಶ್ನೆ ಕೇಳಿದರು. ನಾಲ್ಕನೇ ಒಂದು ಭಾಗದಷ್ಟು ಜನರ ಉತ್ತರ ಪೂರ್ತಿ ತಪ್ಪು. ಜಾಗ ಬೇರೆ, ಹೇಳಿದವರು ಬೇರೆ. ಆದರೂ ಧೈರ್ಯವಾಗಿ ಹೇಳಿದರು.

ನನಗೆ ಮೈ ಜುಮ್ಮೆನ್ನಿಸುವುದು ಇದರ ಮುಂದಿನ ಭಾಗ. ಅವರದೇ ಕೈಬರಹದ ಹಳೆಯ ಹಾಳೆಯನ್ನು ಅವರ ಮುಂದಿಟ್ಟರು. ಅಕ್ಷರ ತಮ್ಮದೇ ಅಂತ ಒಪ್ಪಿದರು. ಆದರೂ ಹಳೆಯ ನೆನಪು ವಾಪಸ್ ಬರಲೇ ಇಲ್ಲ. ಹೊಸದು ಬಂದು ಕೂತಿತ್ತು, ಹಳೆಯದು ಜಾಗ ಖಾಲಿ ಮಾಡಿತ್ತು.

ಬೇರೆಯವರ ಮಾತಿನ ಒಂದೇ ಪದವೂ ಈ ಕೆಲಸ ಮಾಡಬಲ್ಲದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಒಂದು ಚಿಕ್ಕ ಫಿಲ್ಮ್ ತೋರಿಸಿದರು. 50 ಜನರಿಗೆ "ಕಾರುಗಳು ಗುದ್ದಿದಾಗ ವೇಗ ಎಷ್ಟಿತ್ತು?" ಅಂತ ಕೇಳಿದರು. ಇನ್ನು 50 ಜನರಿಗೆ "ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು?" ಅಂತ. ಒಂದು ವಾರ ಬಿಟ್ಟು, "ಒಡೆದ ಗಾಜು ನೋಡಿದಿರಾ?" ಅಂದರು. "ಗುದ್ದಿದಾಗ" ಕೇಳಿಸಿಕೊಂಡವರಲ್ಲಿ 7 ಜನ ಹೌದು ಅಂದರು. "ಅಪ್ಪಳಿಸಿದಾಗ" ಕೇಳಿಸಿಕೊಂಡವರಲ್ಲಿ 16 ಜನ. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ.

ಸಾಕ್ಷಿಯನ್ನು ವಿಚಾರಿಸುವವರಿಗೆ ಇದು ಗೊತ್ತಿರಲೇಬೇಕು. "ಅವನ ಕೈಯಲ್ಲಿ ಚಾಕು ಇತ್ತಾ?" ಅಂತ ಕೇಳಿದ ಕ್ಷಣವೇ ಒಂದು ಚಾಕು ಒಳಗೆ ಹೋಗಿರುತ್ತದೆ. "ಏನು ಕಂಡಿರಿ, ಹೇಳಿ" ಅಂದು ಸುಮ್ಮನಿರುವುದೇ ಒಳ್ಳೆಯದು.

[ಇಲಿಯ ಸರಳ ರೇಖಾಚಿತ್ರ. ಪಕ್ಕದಲ್ಲಿ ಸ್ಪೀಕರ್.]

ಇದರ ಹಿಂದಿನ ಜೀವವಿಜ್ಞಾನವನ್ನೂ ಸ್ವಲ್ಪ ನೋಡೋಣ. ನೆನಪು ಸಿಮೆಂಟಿನ ಹಾಗೆ, ಒಮ್ಮೆ ಗಟ್ಟಿಯಾದರೆ ಮುಗಿಯಿತು ಅಂತ ತುಂಬ ಜನ ನಂಬಿದ್ದರು. 2000ದಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಒಂದು ಸದ್ದು, ಅದರ ಜೊತೆ ಸಣ್ಣ ಶಾಕ್. ಇಲಿಗೆ ಸದ್ದು ಕೇಳಿದರೇ ಭಯ. ಒಂದು ದಿನ ಬಿಟ್ಟು ಬರೀ ಸದ್ದು ಕೇಳಿಸಿ ಆ ನೆನಪನ್ನು ಎಬ್ಬಿಸಿದರು. ಆಗಲೇ ಅಮಿಗ್ಡಲಾಕ್ಕೆ ಒಂದು ಔಷಧ ಕೊಟ್ಟರು. ಅದು ಹೊಸ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ. ಮುಂದಿನ ಸಲ ಸದ್ದು ಕೇಳಿದಾಗ ಭಯ ತುಂಬ ಕಮ್ಮಿಯಾಗಿತ್ತು. ನೆನಪನ್ನು ಎಬ್ಬಿಸದೆ ಅದೇ ಔಷಧ ಕೊಟ್ಟರೆ ಭಯ ಹಾಗೇ ಇತ್ತು. ಅಂದರೆ ಹೊರಗೆ ತೆಗೆದ ನೆನಪು ಮೆತ್ತಗಾಗುತ್ತದೆ. ಅದನ್ನು ಮತ್ತೆ ಗಟ್ಟಿ ಮಾಡಿ ಒಳಗಿಡಬೇಕು. ಮನುಷ್ಯರಲ್ಲಿ ಇದು ಎಷ್ಟು, ಯಾವಾಗ ನಡೆಯುತ್ತದೆ ಅನ್ನುವ ಬಗ್ಗೆ ವಾದ ಇನ್ನೂ ಮುಗಿದಿಲ್ಲ.

ಇಷ್ಟು ಕೇಳಿದ ಮೇಲೆ ನೆನಪು ಅನ್ನುವುದೇ ಕೆಟ್ಟ ಯಂತ್ರ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. 2007ರಲ್ಲಿ ಡೆಮಿಸ್ ಹಸ್ಸಾಬಿಸ್, ಎಲೀನರ್ ಮಗ್ವಾಯರ್ ಮತ್ತು ಜೊತೆಗಾರರು ಹಿಪ್ಪೊಕ್ಯಾಂಪಸ್‌ಗೆ ಪೆಟ್ಟಾಗಿ ನೆನಪು ಕಳೆದುಕೊಂಡವರಿಗೆ ಒಂದು ಹೊಸ ಕೆಲಸ ಕೊಟ್ಟರು. ಹಿಂದಿನದ್ದು ಹೇಳಬೇಕಿರಲಿಲ್ಲ. ಬಿಳಿ ಮರಳಿನ ಕಡಲತೀರದಲ್ಲಿ ಮಲಗಿದ್ದೀರಿ ಅಂದುಕೊಳ್ಳಿ, ಸುತ್ತ ಏನೇನಿದೆ ಹೇಳಿ, ಅಷ್ಟೇ. ಹೆಚ್ಚಿನವರಿಗೆ ಆಗಲಿಲ್ಲ. ಚೂರುಗಳು ಬಂದವು, ಒಂದು ಜಾಗವಾಗಿ ಕೂಡಲಿಲ್ಲ. ಹಿಂದಿನದನ್ನು ಜೋಡಿಸುವ ದಾರವೇ ಇನ್ನೂ ನಡೆಯದ್ದನ್ನೂ ಜೋಡಿಸುತ್ತದೆ. ನಾಳೆ ಇಂಟರ್‌ವ್ಯೂನಲ್ಲಿ ಏನು ಹೇಳಲಿ, ಮಗುವಿನ ಕೈಗೆ ಕತ್ತರಿ ಸಿಕ್ಕರೆ ಏನಾಗುತ್ತೆ ಎಂದು ಮೊದಲೇ ಕಾಣುವ ಶಕ್ತಿ ಇದು. ಬರೀ ರೆಕಾರ್ಡರ್ ಇದ್ದಿದ್ದರೆ ಅದು ಸಿಗುತ್ತಿರಲಿಲ್ಲ.

ಓದುತ್ತಿರುವವರಿಗೆ ಒಂದು ಮಾತು. ಅದೇ ರೋಡಿಗರ್, ಜೆಫ್ರಿ ಕಾರ್ಪಿಕ್ ಜೊತೆ 2006ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಕೆಲವರು ಒಂದು ಪಾಠವನ್ನು ನಾಲ್ಕು ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಮೂರು ಸಲ ನೋಡದೆ ಬರೆದರು. ಐದು ನಿಮಿಷಕ್ಕೆ ಕೇಳಿದಾಗ ಓದಿದವರೇ ಮುಂದೆ, ಅವರಿಗೆ ಪಾಠದ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು ಶೇ. 40, ಬರೆದವರು ಶೇ. 61. ಪುಸ್ತಕ ಮುಚ್ಚಿ, ಖಾಲಿ ಹಾಳೆ ಎಳೆದುಕೊಳ್ಳಿ. ಕಷ್ಟ ಆಗುತ್ತೆ, ಆಗಲಿ. ಬರೆದಾದ ಮೇಲೆ ಪುಸ್ತಕ ತೆರೆದು ತಿದ್ದಿಕೊಳ್ಳುವುದನ್ನು ಮಾತ್ರ ಬಿಡಬೇಡಿ. ಇಲ್ಲದಿದ್ದರೆ ತಪ್ಪೇ ಗಟ್ಟಿಯಾಗಿಬಿಡುತ್ತದೆ.

ಕಣ್ಣೆದುರು ಏನಾದರೂ ದೊಡ್ಡದು ನಡೆದರೂ ಅಷ್ಟೇ. ಯಾರ ಜೊತೆಗೂ ಮಾತಾಡುವ ಮುಂಚೆ, ಅವತ್ತೇ ಬರೆದಿಡಿ.

[ಸಂಗೀತ ನಿಲ್ಲುತ್ತದೆ. ಮುಖ ಹತ್ತಿರದಿಂದ.]

ಅವತ್ತು ಅಕ್ಕನಿಗೆ ಇನ್ನೊಂದು ಪ್ರಶ್ನೆ ಕೇಳಿದ್ದೆ. ಹಾಗಾದರೆ ನಾನೆಲ್ಲಿದ್ದೆ ಅಂತ.

"ಪಕ್ಕದಲ್ಲೇ ನಿಂತಿದ್ದೆ. ನನಗಿಂತ ಜೋರಾಗಿ ಅತ್ತವನು ನೀನು. ರಕ್ತ ನಿಲ್ಲಲಿ ಅಂತ ಅಮ್ಮ ನನ್ನ ಗದ್ದಕ್ಕೆ ಒತ್ತಿ ಹಿಡಿದಿದ್ದು ನಿನ್ನ ಅಂಗೀನೇ."

ಆ ಕೆಂಪಾದ ಗುಂಡಿ ನನ್ನದೇ.